ಹದಿನಾಲ್ಕು ಔನ್ಸ್ ಸೂರು

ತಕ್ಕಡಿಯ ತಗಡಿನ ತಟ್ಟೆಗೆ ಕಲ್ಲುಹೆಂಚಿನ ಚೂರೊಂದು ಠಣ್ಣೆಂದು ಬಿದ್ದಾಗ ತಾಯಂದಿರ ಶಾಲೆಯ ಹಸುಗೂಸುಗಳಲ್ಲಿ ಒಂದೂ ಅಳಲಿಲ್ಲ. ಬೆಚ್ಚಿದವಳು ನರ್ಸ್ ಹೆಸ್ಟರ್ ಪೆನ್‌ಫೋಲ್ಡ್ ಒಬ್ಬಳೇ. ಆಗಸ್ಟ್ ತಿಂಗಳ ಮಂಗಳವಾರ, ಮಧ್ಯಾಹ್ನ ಎರಡು ಗಂಟೆ. ಸಹಕಾರಿ ಅಂಗಡಿಯ ಮಾಳಿಗೆಯ ಸಭಾಂಗಣದಲ್ಲಿ ಉಸಿರಾಡುವುದಕ್ಕೂ ಸರದಿ ನಿಲ್ಲಬೇಕು ಅನ್ನುವಷ್ಟು ಸೆಕೆ. ಆ ಸೆಕೆಯ ಕಾರಣಕ್ಕೇ ಅವಳು ಇವತ್ತು ಬೆಸ್ಸಿ ಎಂಬ ಹೊಸ ಬಾಣಂತಿಯ ಕೂಸಿಗೆ ಸುತ್ತಿದ್ದ ಶಾಲು ಬಿಚ್ಚಿಸಿದ್ದಳು. ಬೇರೆ ದಿನಗಳಲ್ಲಿ ಬಿಚ್ಚಿಸುತ್ತಿರಲಿಲ್ಲ. ಪ್ರತಿ ಮಂಗಳವಾರ ತೂಕಕ್ಕೆ ಬರುವ ನಲವತ್ತು ಕೂಸುಗಳು, ಒಂದು ತಕ್ಕಡಿ, ಒಬ್ಬಳು ನರ್ಸ್. ಶಾಲು ಸಮೇತ ತೂಗಿ, ಬಟ್ಟೆಯ ಲೆಕ್ಕಕ್ಕೆಂದು ಎಂಟು ಔನ್ಸ್ ಕಳೆದು ಕೂಸಿನ ತೂಕದ ಚೀಟಿಗೆ ಬರೆಯುವುದು ಅವಳೇ ಕಂಡುಕೊಂಡ ಸುಲಭದ ದಾರಿ. ಶಾಲೆ ನಡೆಸುವ ಸಮಿತಿಯ ಮುಂದೆ ಅದಕ್ಕೆ ವೈಜ್ಞಾನಿಕ ಪದ್ಧತಿ ಎಂಬ ಹೆಸರಿಟ್ಟಿದ್ದಳು. ಸಮಿತಿಯ ಹೆಂಗಸರು ತಲೆದೂಗಿದ್ದರು, ಅವರು ವಿಜ್ಞಾನಕ್ಕೆ ಯಾವಾಗಲೂ ತಲೆದೂಗುತ್ತಿದ್ದರು.

"ಏನಿದು?"

"ಹೆಂಚು, ನರ್ಸಮ್ಮ," ಎಂದಳು ಬೆಸ್ಸಿ, ನರ್ಸ್ ಬಂದ ದಕ್ಷಿಣದ ಊರುಗಳಲ್ಲಿ ಮನೆಗಳಿಗೆ ಮಾಡೇ ಇರುವುದಿಲ್ಲವೇನೋ ಎಂಬ ಕನಿಕರದಲ್ಲಿ.

"ಹೆಂಚು ಅಂತ ಕಾಣ್ತಿದೆ. ಕೂಸಿನ ಬೆನ್ನಿಗೆ ಯಾಕೆ ಕಟ್ಟಿದೀರಿ?"

"ನಂಗಿನ್ನೂ ಪುರುಡು ಕಳ್ದಿಲ್ವಲ್ಲ. ಪಾದ್ರಿಗಳು ಭಾನುವಾರ ಬಾ, ಪ್ರಾರ್ಥನೆ ಮಾಡಿ ಒಳಕ್ಕೆ ಸೇರಿಸ್ಕೋತೀನಿ ಅಂದವ್ರೆ. ಅಲ್ಲೀಗಂಟ ನಮ್ಮ ಸೂರು ಬಿಟ್ಟು ಆಚೆ ಕಾಲಿಡೋಂಗಿಲ್ಲ. ನೀವು ನೋಡಿದ್ರೆ ಎರಡನೇ ವಾರಕ್ಕೇ ಬರ್ಬೇಕು ಅಂತೀರಿ. ಅದಕ್ಕೆ ಸೂರನ್ನೇ ಜೊತೇಲಿ ತಂದ್ವಿ." ಅವಳು ತನ್ನ ಟೋಪಿಯನ್ನು ಮುಟ್ಟಿ ತೋರಿಸಿದಳು. ಅದರೊಳಗೂ ಒಂದು ಚೂರಿತ್ತು. ತಾಯಿಗೆ ಚಿಕ್ಕದು, ದೀಕ್ಷಾಸ್ನಾನವಾಗದ ಕೂಸಿಗೆ ದೊಡ್ಡದು.

ಬೆಂಚುಗಳ ಮೇಲಿದ್ದ ಹೆಂಗಸರು ಮುಸಿಮುಸಿ ನಕ್ಕರು. ನೂಲಿನ ಗಿರಣಿಯ ಗದ್ದಲದಲ್ಲಿ ತುಟಿ ನೋಡಿಯೇ ಮಾತು ತಿಳಿಯುವ ಹೆಂಗಸರು ಅವರು. ಅವರ ನಗುವಿಗೂ ಸದ್ದು ಬೇಕಿರಲಿಲ್ಲ. ಹಿಂದಿನಿಂದ ಯಾರೋ ಹೇಳಿದರು: "ಎಲ್ರೂ ತತ್ತಾರೆ ನರ್ಸಮ್ಮ. ಇದೇನು ಮಹಾ. ಎಲೆನ್ ಗ್ರಿಮ್‌ಶಾ ತಂದಿದ್ದು ಇದರ ಎರಡರಷ್ಟಿತ್ತು. ಸ್ಯಾರಾ ಅಜ್ಜಿ ಕಕ್ಕಸಿನ ಮಾಡಿಂದ ಕಿತ್ಕೊಟ್ಟಿದ್ಲು."

ಹೆಸ್ಟರ್ ಕೂಸನ್ನು ತಾಯಿಗೆ ಕೊಟ್ಟು ಹೆಂಚನ್ನು ಮಾತ್ರ ತಟ್ಟೆಯಲ್ಲಿಟ್ಟಳು. ಮುಳ್ಳು ಏಳು ಔನ್ಸಿಗೆ ನಿಂತಿತು. ಎರಡರಷ್ಟು ಎಂದರೆ ಹದಿನಾಲ್ಕು. ಅವಳು ಲಂಡನ್ನಿನಲ್ಲಿ ಮೂರು ವರ್ಷ ಕಲಿತವಳು, ಪದಕ ಪಡೆದವಳು, ಈ ಲೆಕ್ಕ ಕಷ್ಟದ್ದಲ್ಲ. ಕಷ್ಟವಾದದ್ದು ಅದರ ಮುಂದಿನ ಸಾಲು. ಅದನ್ನು ಮನಸ್ಸಿನಲ್ಲಿ ಕೂಡಿ ಕಳೆದು ನೋಡುವಷ್ಟರಲ್ಲಿ ಅವಳ ಬೆನ್ನಿನ ಬೆವರು ತಣ್ಣಗಾಗಿತ್ತು. ಜುಲೈ ನಾಲ್ಕಕ್ಕೆ ಎಲೆನ್‌ಳ ಮಗು ಡೋರಾ ಒಂಬತ್ತು ಪೌಂಡ್ ಹತ್ತು ಔನ್ಸ್. ಹನ್ನೊಂದಕ್ಕೆ ಒಂಬತ್ತು ಪೌಂಡ್ ಮಾತ್ರ. ನಡುವಿನ ಭಾನುವಾರ ಎಲೆನ್‌ಗೆ ಪುರುಡು ಕಳೆದು, ಕೂಸಿಗೆ ದೀಕ್ಷಾಸ್ನಾನವೂ ಆಗಿತ್ತು. ಹಾಗಾದರೆ ಕೂಸು ಹತ್ತು ಔನ್ಸ್ ಇಳಿದಿರಲಿಲ್ಲ, ನಾಲ್ಕು ಔನ್ಸ್ ಏರಿತ್ತು. ಇಳಿದದ್ದು ಕಕ್ಕಸಿನ ಮಾಡು.

"ನರ್ಸ್, ನಮ್ಮ ಗ್ರಿಮ್‌ಶಾ ಎಲ್ಲಿ?" ಮಿಸೆಸ್ ಥಾರ್ನ್‌ಬರ್ ಮೆಟ್ಟಿಲೇರಿ ಬಂದಿದ್ದರು. ಊರಿನ ಎರಡು ಗಿರಣಿಗಳು ಅವರ ಗಂಡನವು, ತಾಯಂದಿರ ಶಾಲೆ ಅವರದ್ದು. ಮಕ್ಕಳಿಲ್ಲದ ಅವರು ತಾಯ್ತನದ ಬಗ್ಗೆ ಯಾವ ತಾಯಿಗಿಂತಲೂ ಹೆಚ್ಚು ಭಾಷಣ ಮಾಡಿದ್ದರು. ಪಕ್ಕದ ಊರಿನ ಸಮಿತಿಯಿಂದ ಐದು ಜನ ಹೆಂಗಸರು ಮೂರು ಗಂಟೆಗೆ ಬರುವವರಿದ್ದರು. ಅವರಿಗೆ ಚಹಾ, ಒಣದ್ರಾಕ್ಷಿಯ ಬನ್ನು, ಆಮೇಲೆ ವೇದಿಕೆಯ ಮೇಲೆ ಎಲೆನ್ ಗ್ರಿಮ್‌ಶಾ ಸೀಸೆಗೆ ಹಾಲು ಹದಮಾಡಿ ಡೋರಾಗೆ ಕುಡಿಸುವ ಪ್ರಾತ್ಯಕ್ಷಿಕೆ. ತಾಯಿಯ ಅಜ್ಞಾನದಿಂದ ಸಾಯಲಿದ್ದ ಕೂಸು ಶಾಲೆಯ ಸೀಸೆಯಿಂದ ಉಳಿದ ಕಥೆಯನ್ನು ಮಿಸೆಸ್ ಥಾರ್ನ್‌ಬರ್ ಆಗಲೇ ನಾಲ್ಕು ಕಡೆ ಹೇಳಿ ಮುಗಿಸಿದ್ದರು, ಅದು ಪ್ರತಿ ಸಲವೂ ಸ್ವಲ್ಪ ಉದ್ದವಾಗುತ್ತಿತ್ತು. "ಇನ್ನೂ ಬಂದಿಲ್ಲ ಅಂದ್ರೆ ಏನರ್ಥ? ನೀವೇ ಹೋಗಿ ಕರ್ಕೊಂಡು ಬನ್ನಿ. ಸೀಸೇನೂ ತರೋಕೆ ಹೇಳಿ." ಹೆಸ್ಟರ್ ಬಾಯಿ ತೆರೆದಳು. ಎದುರಿಗಿದ್ದ ಟೋಪಿಯ ಮೇಲಿನ ಗರಿಗಳನ್ನು ನೋಡಿದಳು. ಬಾಯಿ ಮುಚ್ಚಿದಳು. ಮೇಜಿನ ಮೇಲಿನ ಡೋರಾಳ ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು.

ಹೀಗೇ ಬಾಯಿ ತೆರೆದು ಮುಚ್ಚಿದ ಇನ್ನೊಬ್ಬಳ ಮುಖ ಬೀದಿಯ ತಿರುವಿನಲ್ಲೇ ನೆನಪಿಗೆ ಬಂದು ಎದುರಾಯಿತು. ಜುಲೈ ಹನ್ನೊಂದರಂದು ಹೆಸ್ಟರ್ ಬೇಕೆಂದೇ ಗಟ್ಟಿಯಾಗಿ ಮಾತಾಡಿದ್ದಳು, ಮಿಸೆಸ್ ಥಾರ್ನ್‌ಬರ್ ಹತ್ತಿರದಲ್ಲೇ ಇದ್ದರಲ್ಲ. ಒಂದು ವಾರದಲ್ಲಿ ಹತ್ತು ಔನ್ಸ್ ಇಳಿದಿದೆ, ನಿಮ್ಮ ಹಾಲಲ್ಲಿ ಏನೂ ಇಲ್ಲ, ಮಗು ನಿಮ್ಮ ಎದೆ ಮೇಲೇ ಉಪವಾಸ ಬಿದ್ದಿದೆ. ನಲವತ್ತು ಹೆಂಗಸರು ತಮ್ಮ ತಮ್ಮ ಕೂಸುಗಳನ್ನು ಅವುಚಿಕೊಂಡಿದ್ದರು. ಎಲೆನ್ ಇಪ್ಪತ್ತೆರಡರವಳು, ಚೊಚ್ಚಲು ಬಾಣಂತಿ, ತೆಳ್ಳಗಿನ ಕುತ್ತಿಗೆ. ಆ ಕುತ್ತಿಗೆ ಮೊದಲು ಕೆಂಪಾಗಿ ಆಮೇಲೆ ಮುಖ ಕೆಂಪಾಗಿತ್ತು. "ನೋಡೋಕೆ ಚೆನ್ನಾಗೇ ಅವ್ಳಲ್ಲ, ನರ್ಸಮ್ಮ," ಎಂದಿದ್ದಳು. ಚೆನ್ನಾಗಿಯೇ ಇತ್ತು ಕೂಸು, ಗಲ್ಲಗಳು ಕುತ್ತಿಗೆಯನ್ನು ನುಂಗುವಷ್ಟು. ಹೆಸ್ಟರ್ ಅದನ್ನು ಕಂಡಿದ್ದಳು. ಕಂಡೂ, "ನೋಡೋಕೆ ಅಂತಲೇ ತಕ್ಕಡಿ ಇಟ್ಟಿರೋದು," ಎಂದಿದ್ದಳು, ಆ ಮಾತು ಚುರುಕಾಗಿದೆ ಎಂದು ತನ್ನನ್ನು ತಾನೇ ಮೆಚ್ಚಿಕೊಂಡಿದ್ದಳು ಕೂಡ. ಆಗ ಎಲೆನ್ ಏನೋ ಹೇಳಲು ಹೊರಟು, ಕೈ ಟೋಪಿಯ ಕಡೆ ಹೋಗಿ, ಅಲ್ಲಿಂದ ಹಿಂದೆ ಬಂದು ಮಡಿಲಿಗೆ ಬಿದ್ದಿತ್ತು. ಹೇಳುವುದಾದರೂ ಹೇಗೆ? ಅದರ ಹಿಂದಿನ ವಾರವಷ್ಟೇ ಮಿಸೆಸ್ ಥಾರ್ನ್‌ಬರ್ ಮೂಢನಂಬಿಕೆ ಎಂಬ ಮಾರಿಯ ಬಗ್ಗೆ ಒಂದು ಗಂಟೆ ಮಾತಾಡಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಎಲೆನ್ ಟೋಪಿಯೊಳಗೆ ಹೆಂಚಿಟ್ಟುಕೊಂಡು ತಟ್ಟಿದ್ದಳು.

ಚೀಟಿಯಲ್ಲಿ ಕಾರಣ ಎಂಬ ಸಾಲೊಂದಿದೆ. ಪಕ್ಕದಲ್ಲಿ ಸಮಿತಿಯವರೇ ಅಚ್ಚು ಹಾಕಿಸಿದ ಸೂಚನೆ: ಅಜ್ಞಾನ, ಅಲಕ್ಷ್ಯ, ಕೊಳಕು, ಕುಡಿತ, ಇವುಗಳಲ್ಲಿ ಒಂದನ್ನು ಬರೆಯಿರಿ. ಬಡತನವನ್ನು ಸೇರಿಸಲು ಕಾಗದದಲ್ಲಿ ಜಾಗ ಸಾಲಲಿಲ್ಲವಂತೆ. ಹೆಸ್ಟರ್ ದುಂಡು ಅಕ್ಷರದಲ್ಲಿ ತಾಯಿಯ ಅಜ್ಞಾನ ಎಂದು ಬರೆದಿದ್ದಳು. ಎದೆಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಭೇದಿ ಉಪ್ಪು ಕುಡಿದು ಹಾಲು ಬತ್ತಿಸಬೇಕು, ಮೂರು ಗಂಟೆಗೊಮ್ಮೆ ಗಡಿಯಾರ ನೋಡಿ ಸೀಸೆ ಕೊಡಬೇಕು ಎಂದು ಅಪ್ಪಣೆ ಕೊಟ್ಟಿದ್ದಳು. ತಾಯಿಹಾಲಿನ ಹಿರಿಮೆಯ ಬಗ್ಗೆ ಪ್ರತಿ ತಿಂಗಳು ಗೋಡೆಗೆ ಚಿತ್ರ ತೂಗುಹಾಕಿ ಪಾಠ ಹೇಳುವವಳು ಅವಳೇ. ಆದರೆ ಪಾಠ ಎಲ್ಲರಿಗೆ, ಚೀಟಿ ಒಬ್ಬರಿಗೆ. ಆಮೇಲಿನ ಮೂರು ಮಂಗಳವಾರವೂ ಡೋರಾ ಆರಾರು ಔನ್ಸ್ ಏರಿದಳು. ಸೀಸೆ ಗೆದ್ದಿತು. ಗೆಲುವಿನ ನಡುವೆ ಹೆಸ್ಟರ್ ಒಂದು ಸಣ್ಣ ಸಂಗತಿಯನ್ನು ಗಮನಿಸದೆ ಬಿಟ್ಟಿದ್ದಳು: ಈ ಬೇಸಿಗೆಯಂಥ ಬೇಸಿಗೆಯನ್ನು ಊರಿನ ಮುದುಕರೂ ಕಂಡಿರಲಿಲ್ಲ.

ಎಲೆನ್ ಇದ್ದ ಪಿಕಪ್ ಸಾಲು ಎಂಬ ಬೀದಿಯಲ್ಲಿ ಬೂದಿಗುಂಡಿಗಳ ಮೇಲೆ ನೊಣಗಳು ಕರ್ರಗೆ ಕೂತಿದ್ದವು. ಎರಡು ವಾರದಲ್ಲಿ ಈ ಸಾಲಿನ ಮೂರು ಮನೆಗಳಲ್ಲಿ ಕೂಸುಗಳು ಭೇದಿ ಹತ್ತಿ ತೀರಿಹೋಗಿದ್ದವು. ತಾಯಂದಿರು ಗಿರಣಿಗೆ ಮರಳಿದ್ದರಿಂದ ಮೂರೂ ಸೀಸೆಯ ಕೂಸುಗಳು. ನಾಲ್ಕನೆಯದಾಗಿ ಎಲೆನ್‌ಳ ಮನೆಯಲ್ಲಿ, ತಾಯಿ ಮನೆಯಲ್ಲೇ ಇದ್ದು, ಎದೆಯಲ್ಲಿ ಹಾಲಿದ್ದು, ನರ್ಸಿನ ಮಾತು ಕೇಳಿ ಸೀಸೆ ಹಿಡಿದ ಇನ್ನೊಂದು ಕೂಸು. ಇವತ್ತು ಯಾಕೆ ಬರಲಿಲ್ಲ? ಮೂರು ಮಂಗಳವಾರವೂ ಎಲ್ಲರಿಗಿಂತ ಮೊದಲು ಬಂದವಳು. ಹೆಸ್ಟರ್‌ಗೆ ಓಡಬೇಕೆನ್ನಿಸಿತು, ಸಮವಸ್ತ್ರದಲ್ಲಿ ಓಡಬಾರದೆಂದು ನಿಯಮವಿತ್ತು, ಅವಳು ನಿಯಮದ ಗಡಿಯಲ್ಲಿ ಆದಷ್ಟು ಬಿರುಸಾಗಿ ನಡೆದಳು. ಇಷ್ಟು ದೂರ ಬಂದ ಮೇಲೂ ಮನಸ್ಸು ತನ್ನ ಪರವಾಗಿಯೇ ವಾದಿಸುತ್ತಿತ್ತು. ಹೆಂಚು ಕಟ್ಟಿದವರು ಅವರು, ನಾನಲ್ಲ. ಶಾಲಿನಲ್ಲಿ ಹೆಂಚು ಇರಬಹುದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಮಿಸೆಸ್ ಥಾರ್ನ್‌ಬರ್‌ಗೆ ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು. ಅವಳಿಗಿಂತ ಮೊದಲಿದ್ದ ನರ್ಸ್ ಸಮಿತಿಗೆ ಎದುರಾಡಿದ್ದಕ್ಕೆ ಒಂದೇ ವಾರದಲ್ಲಿ ಪೆಟ್ಟಿಗೆ ಕಟ್ಟಿದ್ದಳು, ಹೆಸ್ಟರ್ ಇರುವ ಕೋಣೆಯೂ ಸಮಿತಿಯದ್ದೇ. ಮೂವತ್ತನಾಲ್ಕು ವರ್ಷ, ತಾಯಿ ತಂದೆ ಇಲ್ಲ, ಮದುವೆಯಿಲ್ಲ. ಮತ್ತೆ ಯಾವ ಊರಿನಲ್ಲಿ ಯಾರ ಮಾಡಿನ ಕೆಳಗೆ? ಎಲೆನ್‌ಳ ಒಂಬತ್ತನೇ ನಂಬರಿನ ಮನೆಯ ಕಿಟಕಿಗೆ ಸಾವಿನ ಮನೆಯವರ ಹಾಗೆ ಪರದೆ ಎಳೆದಿಲ್ಲದಿರಲಿ, ಅದೊಂದು ಇಲ್ಲದಿರಲಿ ಎಂದು ಅವಳು ಬೇಡಿಕೊಂಡಳು. ಯಾರನ್ನು ಬೇಡಿಕೊಂಡಳೋ ಅವಳಿಗೂ ತಿಳಿಯದು. ದೇವರ ವಿಷಯದಲ್ಲೂ ಅವಳು ವೈಜ್ಞಾನಿಕವಾಗಿದ್ದಳು.

ಪರದೆ ಎಳೆದಿರಲಿಲ್ಲ. ಕಿಟಕಿಯ ಹಲಗೆಯ ಮೇಲೆ, ಹೊಸ ದೊರೆಯ ಪಟ್ಟಾಭಿಷೇಕದ ನೆನಪಿನ ಲೋಟದ ಪಕ್ಕ, ಬೀದಿಗೆ ಚೆನ್ನಾಗಿ ಕಾಣುವ ಹಾಗೆ ಹಾಲಿನ ಸೀಸೆ ನಿಂತಿತ್ತು. ಹೊಸ್ತಿಲಿನ ಹೊರಗೆ ಸ್ಟೂಲಿನ ಮೇಲೆ ಸ್ಯಾರಾ ಅಜ್ಜಿ ಬಟಾಣಿ ಸುಲಿಯುತ್ತ ಕೂತಿದ್ದಳು. ನಲವತ್ತು ವರ್ಷ ಈ ಬೀದಿಗಳಲ್ಲಿ ಸೂಲಗಿತ್ತಿಯಾಗಿದ್ದವಳು. ಹೆಸ್ಟರ್ ತನ್ನ ವರದಿಯಲ್ಲಿ ಅವಳನ್ನು ಕೊಳಕು ಉಗುರಿನ ಅಪಾಯ ಎಂದು ಕರೆದಿದ್ದಳು. ಅಜ್ಜಿ ತಲೆಯೆತ್ತದೆ ಒಳಕ್ಕೆ ಕೇಳುವಂತೆ ಕೂಗಿದಳು: "ಎಲೆನ್, ತಕ್ಕಡಿ ಬಂತು ನೋಡವ್ವ."

ಒಳಗೆ ಕುರ್ಚಿ ಸರಿದ ಸದ್ದು. ಹೆಸ್ಟರ್ ಒಳಗೆ ಕಾಲಿಡುವಷ್ಟರಲ್ಲಿ ಎಲೆನ್ ರವಿಕೆಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡು, ಒಂದು ತೋಳಿನಲ್ಲಿ ಡೋರಾಳನ್ನು ಹಿಡಿದು, ಇನ್ನೊಂದು ಕೈಯಿಂದ ಕಿಟಕಿಯ ಸೀಸೆಯನ್ನು ತೆಗೆದುಕೊಳ್ಳುತ್ತಿದ್ದಳು. ಕೂಸು ಜೀವಂತವಾಗಿತ್ತು. ಗುಂಡಗೆ, ಕೆಂಪಗೆ, ಬೆಳೆದಿತ್ತು. ಹೆಸ್ಟರ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಈಗ ಕುಡಿಸೋ ಹೊತ್ತೇ, ನರ್ಸಮ್ಮ. ಗಡಿಯಾರ ನೋಡ್ಕೊಂಡೇ ಕುಡಿಸೋದು. ಹನ್ನೆರಡಕ್ಕೆ ಒಂದ್ಸಲ ಆಯ್ತು, ಈಗ ಮೂರಕ್ಕೆ. ಶಾಲೆಗೆ ಬರ್ಬೇಕು ಅಂತಲೇ ಇದ್ದೆ. ತಲೆನೋವಿತ್ತು. ನೋಡಿ, ನೋಡಿ, ಹೇಗೆ ಕುಡಿತಾಳೆ." ಅವಳು ಒಂದೇ ಉಸಿರಿನಲ್ಲಿ ಹೇಳುತ್ತ ಸೀಸೆಯ ತೊಟ್ಟನ್ನು ಕೂಸಿನ ತುಟಿಗೆ ಒತ್ತಿದಳು. ಕೂಸು ಮುಖ ತಿರುಗಿಸಿತು. ಇನ್ನೊಮ್ಮೆ ಒತ್ತಿದಳು. ಜೀವಮಾನದಲ್ಲಿ ರಬ್ಬರಿನ ರುಚಿ ಕಾಣದ ಕೂಸು ನಾಲಗೆಯಿಂದ ಅದನ್ನು ಹೊರಕ್ಕೆ ನೂಕಿ ಕಿರುಚಿಕೊಂಡಿತು. ಅದರ ಅಳುವಿಗೆ ಎಲೆನ್‌ಳ ರವಿಕೆಯ ಎರಡೂ ಕಡೆ ಒದ್ದೆ ಕಲೆಗಳು ಮೂಡಿ, ಇಬ್ಬರೂ ನೋಡುತ್ತಿರುವಂತೆಯೇ ದೊಡ್ಡದಾಗತೊಡಗಿದವು. ಎಲೆನ್ ಅದನ್ನು ಶಾಲಿನಲ್ಲಿ ಮುಚ್ಚಿಕೊಳ್ಳಲು ನೋಡಿದಳು. ಹೆಸ್ಟರ್ ಆಗ ಸೀಸೆಯನ್ನು ಸರಿಯಾಗಿ ನೋಡಿದಳು. ಕೆಳಗೆ ನೀಲಿ ನೀರು, ಮೇಲೆ ಗಟ್ಟಿಯಾದ ಕೆನೆ, ಕೆನೆಯಲ್ಲಿ ಸಿಕ್ಕಿದ ಒಂದು ನೊಣ. ನರ್ಸ್ ಬೀದಿಯಲ್ಲಿ ಹೋದರೆ ಕಾಣಲಿ ಎಂದು ನಿನ್ನೆಯೋ ಮೊನ್ನೆಯೋ ತುಂಬಿ ಬಿಸಿಲಿನಲ್ಲಿಟ್ಟ ಹಾಲು. ಈ ಮನೆಯಲ್ಲಿ ಡೋರಾಗೆ ಇದ್ದ ಒಂದೇ ಅಪಾಯ ನರ್ಸ್ ಹೆಸ್ಟರ್ ಪೆನ್‌ಫೋಲ್ಡ್ ಬಾಗಿಲಿಗೆ ಬರುವುದು.

"ಬೇಡ. ಕುಡಿಸ್ಬೇಡ."

"ಕುಡಿತಾಳೆ ನರ್ಸಮ್ಮ. ದಿನಾ ಕುಡಿತಾಳೆ. ಇವತ್ತೊಂದಿನ ಯಾಕೋ ಹಟ." ಎಲೆನ್ ಈ ಸಲ ಕೂಸಿನ ಗಲ್ಲವನ್ನು ಎರಡು ಬೆರಳಿನಲ್ಲಿ ಒತ್ತಿ ಬಾಯಿ ತೆರೆಸಿದಳು. ಹೆಸ್ಟರ್ ಸೀಸೆಯನ್ನು ಕಿತ್ತುಕೊಂಡು ಮೂಲೆಯ ಕಲ್ಲುಬಚ್ಚಲಿಗೆ ಸುರಿದಳು. ಹುಳಿ ವಾಸನೆ ಕೋಣೆಯ ತುಂಬ ಎದ್ದಿತು.

ಎಲೆನ್ ಬಿಳಿಚಿಕೊಂಡಳು. "ಬರೀಬೇಡಿ, ನರ್ಸಮ್ಮ. ನಿಮ್ಮ ಕಾಲು ಹಿಡ್ಕೋತೀನಿ. ಮಗೂನ ಎಲ್ಲಿಗೂ ಕರ್ಕೊಂಡೋಗ್ಬೇಡಿ."

"ಎಲೆನ್, ಮಗು ಅಳ್ತಿದೆ. ಹಾಲು ಕೊಡು. ನಿನ್ನ ಹಾಲು."

"ನನ್ನ ಹಾಲಾ? ನೀವು ಬೇಡ ಅಂದ್ಮೇಲೆ ಒಂದ್ಸಲಾನೂ ಕೊಟ್ಟಿಲ್ಲ. ಬೈಬಲ್ ಮುಟ್ಟಿ ಬೇಕಾದ್ರೂ ಹೇಳ್ತೀನಿ." ಒದ್ದೆ ರವಿಕೆಯಲ್ಲಿ ನಿಂತು, ಆಣೆಗೆ ಸಿದ್ಧಳಾಗಿ.

ಅಜ್ಜಿ ಬಟಾಣಿಯ ಬೋಗುಣಿಯೊಂದಿಗೆ ಒಳಗೆ ಬಂದಳು. "ಬಾಯಿ ಬಿಡ್ಬೇಡ ಕಣೆ ಹುಡುಗಿ. ಪರೀಕ್ಷೆ ಮಾಡ್ತಾವ್ಳೆ."

ತಪ್ಪೊಪ್ಪಿಕೊಳ್ಳುವುದು ಇಷ್ಟು ತೊಡಕಿನ ಕೆಲಸ ಎಂದು ಹೆಸ್ಟರ್‌ಗೆ ಗೊತ್ತಿರಲಿಲ್ಲ. ಬೀದಿಯುದ್ದಕ್ಕೂ ಅವಳು ಹೆದರಿದ್ದು ಹೇಳುವುದಕ್ಕೆ. ಹೇಳಿದರೂ ಯಾರೂ ನಂಬದಿರುವ ಸ್ಥಿತಿಯನ್ನು ತಾನು ಇಷ್ಟು ಶ್ರಮಪಟ್ಟು ಕಟ್ಟಿದ್ದೇನೆಂಬುದು ಅವಳ ಎಣಿಕೆಯಲ್ಲಿರಲಿಲ್ಲ. "ತಪ್ಪು ನಂದು," ಎಂದಳು. ಇಬ್ಬರೂ ಅವಳನ್ನು ಎಚ್ಚರದಿಂದ ನೋಡಿದರು. "ನಾನು ಹೆಂಚು ತೂಗಿದೆ. ಮೊದಲನೇ ವಾರ ಹೆಂಚಿತ್ತು, ಎರಡನೇ ವಾರ ಇರ್ಲಿಲ್ಲ. ಡೋರಾ ಇಳಿದೇ ಇರ್ಲಿಲ್ಲ." ಅಜ್ಜಿಯ ಮುಖದಲ್ಲಿ ಏನೋ ಸಡಿಲಾಯಿತು. ಅವಳು ಒಲೆಯ ಮೇಲಿನ ಹಲಗೆಯಿಂದ ಅಂಗೈಗಿಂತ ದೊಡ್ಡದಾದ ಕಪ್ಪು ಹೆಂಚೊಂದನ್ನು ತಂದು ಮೇಜಿನ ಮೇಲಿಟ್ಟಳು. ಹೆಸ್ಟರ್ ಅದನ್ನು ಕರವಸ್ತ್ರದಲ್ಲಿ ಕಟ್ಟಿ ಚೀಲದಲ್ಲಿದ್ದ ಕೊಕ್ಕೆಯ ತಕ್ಕಡಿಗೆ ತೂಗುಹಾಕಿದಳು. ಹದಿನಾಲ್ಕು ಔನ್ಸ್, ಒಂದು ಕೂದಲೂ ಹೆಚ್ಚು ಕಡಿಮೆಯಿಲ್ಲ.

"ನಿಮಗೆ ಗೊತ್ತಿತ್ತಾ?"

"ಅವತ್ತು ಮನೆಗೆ ಬರ್ತಿದ್ದಂಗೇ ಅಜ್ಜಿ ಹೇಳಿದ್ಲು," ಎಂದಳು ಎಲೆನ್ ನೆಲ ನೋಡುತ್ತ. "ಆ ಉಪ್ಪನ್ನ ಬಚ್ಚಲಿಗೆ ಸುರಿದ್ಲು."

"ಮತ್ತೆ ನಂಗೊಂದು ಮಾತು ಹೇಳೋದಲ್ವಾ?"

"ಹೆಂಚು ಹೊತ್ಕೊಂಡು ಬಂದವಳು ಅಂತ ಆ ಅಮ್ಮಾವ್ರು ಪ್ರತಿ ಭಾಷಣದಲ್ಲೂ ನಗ್ತಿದ್ರು. ಎದೇಲಿ ಹಾಲಿಲ್ಲ ಅನ್ನಿಸ್ಕೊಂಡ್ರೆ ಅಯ್ಯೋ ಪಾಪ ಅಂತಾರೆ, ಅಷ್ಟೇ." ಆಮೇಲೆ ಬಹಳ ಸಣ್ಣ ದನಿಯಲ್ಲಿ, "ವೇದಿಕೆ ಮೇಲೆ ಕುಡಿಸು ಅಂದ್ರಲ್ಲ, ಇವಳು ಸೀಸೆ ಬಾಯಿಗೇ ಇಡಲ್ಲ. ಅದಕ್ಕೇ ಬರ್ಲಿಲ್ಲ."

ಅವಳು ಮೂಲೆಯ ಕುರ್ಚಿಗೆ ಹೋಗಿ, ಇನ್ನೂ ಅರ್ಧ ಅನುಮಾನದಲ್ಲಿ ನರ್ಸಿನ ಮುಖ ನೋಡುತ್ತಲೇ, ಗುಂಡಿ ಬಿಚ್ಚಿದಳು. ಅಳು ನಿಂತಿತು. ಕೋಣೆಯಲ್ಲಿ ಗುಟುಕು ಗುಟುಕಾಗಿ ನುಂಗುವ ಸದ್ದೊಂದೇ ಉಳಿಯಿತು. ಹೆಸ್ಟರ್ ಆ ಸದ್ದನ್ನು ಕೇಳುತ್ತ ಕೂತಳು. ಅವಳಿಗೆ ನಾಚಿಕೆಯಾಗಿತ್ತು, ಕಿವಿಯ ತನಕ ನಾಚಿಕೆ. ಜೊತೆಗೆ ಅಳು ಬರುವಷ್ಟು ಸಂತೋಷವೂ ಆಗಿತ್ತು. ಎರಡು ವರ್ಷದ ಅವಳ ಸೇವೆಯಲ್ಲಿ ಇದಕ್ಕಿಂತ ಚೆನ್ನಾಗಿ ಬೆಳೆದ ಕೂಸಿರಲಿಲ್ಲ, ಅವಳ ಮಾತನ್ನು ಇಷ್ಟು ಪೂರ್ತಿಯಾಗಿ ಮೀರಿದ ತಾಯಿಯೂ ಇರಲಿಲ್ಲ. ಅವಳು ಚೀಟಿ ತೆಗೆದು, ಚೀಲದ ಮಸಿಕುಡಿಕೆಯನ್ನು ಮೇಜಿನ ಮೇಲೆ ಬಿಚ್ಚಿದಳು. ಬರೆಯಬೇಡಿ ಎಂದು ಎಲೆನ್ ಮತ್ತೆ ಎದ್ದುಬಿಟ್ಟಾಳೆಂದು, ಬರೆದದ್ದನ್ನು ಮೊದಲು ಅವಳ ಮುಂದೆ ಹಿಡಿದಳು. ಕಾರಣದ ಸಾಲಿನಲ್ಲಿ ಒಂದೇ ಪದ ಹೊಡೆದುಹಾಕಿ ಮೇಲೊಂದು ಪದ ಬರೆದಿತ್ತು. ಎಲೆನ್ ತುಟಿ ಆಡಿಸುತ್ತ ಓದಿ, ಅಜ್ಜಿಗೂ ಓದಿ ಹೇಳಿದಳು.

"ಇದನ್ನ ಆ ಅಮ್ಮಾವ್ರಿಗೆ ತೋರಿಸ್ತೀಯಾ?" ಎಂದು ಅಜ್ಜಿ ಕೇಳಿದಳು.

"ತೋರಿಸ್ಬೇಕು."

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸೂಲಗಿತ್ತಿ ದಿನ ತುಂಬಿದವಳನ್ನು ನೋಡುವಂತೆ. ಆಮೇಲೆ ಬಾಗಿಲ ಹಿಂದೆ ತೂಗುತ್ತಿದ್ದ ಎಲೆನ್‌ಳ ಟೋಪಿಯ ಒಳಪಟ್ಟಿಯಿಂದ ಬೆರಳುದ್ದದ ಹೆಂಚಿನ ಚೂರೊಂದನ್ನು ಎಳೆದಳು. "ತಗೋ ಮಗಳೇ. ಇವಳಿಗಿನ್ನು ಬೇಡ. ಇವತ್ತಿಂದ ಸೂರಿಲ್ಲದವಳು ನೀನು." ಇಂಥದ್ದನ್ನು ಹೆಸ್ಟರ್ ನಿನ್ನೆಯಾಗಿದ್ದರೆ ವರದಿಗೆ ಸೇರಿಸುತ್ತಿದ್ದಳು. ಈಗ ಪಿನ್ನು ಕಿತ್ತು, ಟೋಪಿ ತೆಗೆದು, ಚೂರನ್ನು ಒಳಗಿಟ್ಟು, ಮತ್ತೆ ಪಿನ್ನು ಚುಚ್ಚಿದಳು.

ಶಾಲೆಯ ಸಭಾಂಗಣದಲ್ಲಿ ಬನ್ನುಗಳು ಮುಗಿದಿದ್ದವು. ಐದು ಜನ ಹೆಂಗಸರು ಮುಂದಿನ ಸಾಲಿನಲ್ಲಿ ಬೀಸಣಿಗೆ ಬೀಸುತ್ತ ಕೂತಿದ್ದರು. ವೇದಿಕೆಯ ಮೇಲೆ ಖಾಲಿ ಕುರ್ಚಿ, ಬಿಳಿ ಬಟ್ಟೆ ಹಾಸಿದ ಮೇಜು, ಪಕ್ಕದಲ್ಲಿ ಮಿಸೆಸ್ ಥಾರ್ನ್‌ಬರ್.

"ತಾಯಿ ಎಲ್ಲಿ, ನರ್ಸ್?"

"ಮಗೂಗೆ ಹಾಲು ಕುಡಿಸ್ತಿದ್ದಾಳೆ ಮೇಡಂ."

"ಗಡಿಯಾರ ನೋಡಿಕೊಂಡು," ಎಂದರು ಮಿಸೆಸ್ ಥಾರ್ನ್‌ಬರ್ ಅತಿಥಿಗಳ ಕಡೆ ತಿರುಗಿ, ಹೆಮ್ಮೆಯಿಂದ. "ನಾವು ಇಷ್ಟು ಜನ ಕಾದಿದ್ದರೂ ಹೊತ್ತು ತಪ್ಪಿಸೋದಿಲ್ಲ, ನೋಡಿದಿರಾ? ಇದೇ ನಾವು ಕಲಿಸಿದ ಶಿಸ್ತು. ಎಲ್ಲಿ, ಆ ಚೀಟಿ ಕೊಡಿ." ಹೆಸ್ಟರ್ ಕೊಟ್ಟಳು. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ನಾಲ್ಕು ವಾಕ್ಯಗಳು ಅವಳ ಬಾಯಲ್ಲೇ ಉಳಿದವು. ಮಿಸೆಸ್ ಥಾರ್ನ್‌ಬರ್ ಕನ್ನಡಕ ಏರಿಸಿ, ಚರ್ಚಿನಲ್ಲಿ ಪಾಠ ಓದುವ ದನಿಯಲ್ಲಿ ಶುರುಮಾಡಿದರು. "ಹೆಸರು, ಡೋರಾ ಗ್ರಿಮ್‌ಶಾ. ಜುಲೈ ಹನ್ನೊಂದು. ಒಂದು ವಾರದಲ್ಲಿ ಹತ್ತು ಔನ್ಸ್ ಇಳಿಕೆ. ಕಾರಣ, ನರ್ಸಿನ ಅಜ್ಞಾನ." ಅಭ್ಯಾಸದ ದನಿ, ಅರ್ಥ ಹಿಂದಿನಿಂದ ಬಂದು ಸೇರುವ ಹೊತ್ತಿಗೆ ಮಾತು ಹೊರಬಿದ್ದಾಗಿತ್ತು. ಬೀಸಣಿಗೆಗಳು ನಿಂತವು. ಮಿಸೆಸ್ ಥಾರ್ನ್‌ಬರ್ ಚೀಟಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಹಿಂದೆ ಕೂತವರಿಗೆ ಸರಿಯಾಗಿ ಕೇಳಿಸ್ಲಿಲ್ಲ ಅಮ್ಮಾವ್ರೇ," ಎಂದಿತು ಬೆಂಚುಗಳಿಂದ ಒಂದು ವಿನಯದ ದನಿ. ಬೆಸ್ಸಿ ಇರಬೇಕು. "ಇನ್ನೊಂದ್ಸಲ ಓದ್ತೀರಾ?"

ಮಿಸೆಸ್ ಥಾರ್ನ್‌ಬರ್ ಓದಲಿಲ್ಲ. ಹೆಸ್ಟರ್ ವೇದಿಕೆ ಹತ್ತಿ ಅವರ ಕೈಯಿಂದ ಚೀಟಿಯನ್ನು ತೆಗೆದುಕೊಂಡಳು. ಟೋಪಿಯೊಳಗಿನ ಹೆಂಚು ನೆತ್ತಿಗೆ ಒತ್ತುತ್ತಿತ್ತು. ನಲವತ್ತು ಹೆಂಗಸರು ಅವಳ ತುಟಿಗಳನ್ನೇ ನೋಡುತ್ತಿದ್ದರು. ಅವಳು ಆ ಸಾಲನ್ನು ಮೊದಲಿನಿಂದ ಓದಿದಳು, ಜುಲೈ ಹನ್ನೊಂದರಂದು ಎಲೆನ್‌ಗೆ ಹೇಳಿದಷ್ಟೇ ಗಟ್ಟಿಯಾಗಿ.